ಸಂಪಾದಕರ ಉತ್ತರ: ನಿಷಾದದ ಮನೆಗೆ ಬೀಗ

ಮಾನ್ಯ ಮೇಷ್ಟ್ರೇ,

ನಾಲ್ಕು ಪುಟಗಳ ನಿಮ್ಮ ಪತ್ರ ತಲುಪಿತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ, ಆದ್ದರಿಂದ ಓದುಗರಿಗಾಗಿ ಸಾರವನ್ನು ಹೇಳಿಬಿಡುತ್ತೇನೆ. ದಾವಣಗೆರೆಯ ಐವರು ಹವ್ಯಾಸಿಗಳು ಸೇರಿ ಒಂಬತ್ತು ತಮಾಷೆ ಹಾಡುಗಳ ಆಲ್ಬಂ ಮಾಡಿದ್ದಾರೆ. ಕಳೆದ ಸಂಚಿಕೆಯಲ್ಲಿ ನಾವು ಅದಕ್ಕೆ ಎರಡು ಪುಟ ಕೊಟ್ಟೆವು. ಮೂವತ್ತು ವರ್ಷ ಮಕ್ಕಳಿಗೆ ಸಂಗೀತ ಕಲಿಸಿದ ನಿಮಗೆ ಇದು ಸಹಿಸಲಾಗಲಿಲ್ಲ. ‘ಶ್ರುತಿ ಇಲ್ಲ, ಅರ್ಥವಿಲ್ಲ, ನಾಚಿಕೆ ಮೊದಲೇ ಇಲ್ಲ. ಇದು ಸಂಗೀತದ ಅಣಕ’ ಎಂದಿದ್ದೀರಿ. ಅದೇ ಸಂಚಿಕೆಯಲ್ಲಿ ಒಂದು ಒಳ್ಳೆಯ ಗಾಯನ ಕಛೇರಿಗೆ ಅರ್ಧ ಕಾಲಂ ಮಾತ್ರ ಸಿಕ್ಕಿತೆಂಬುದು ನಿಮ್ಮ ಎರಡನೆಯ ದೂರು. ಎರಡನೆಯ ಹಾಡಿನಲ್ಲಿ ಧೈವತ ಸ್ವರ ರಾಜಾರೋಷವಾಗಿ ಓಡಾಡುತ್ತಿರುವಾಗ ಅದನ್ನು ಹಂಸಧ್ವನಿ ರಾಗ ಎಂದು ಬರೆದ ಪುಣ್ಯಾತ್ಮ ಯಾರು ಎಂಬುದು ಮೂರನೆಯದು.

ಆ ಪುಣ್ಯಾತ್ಮ ನಾನೇ. ಹಂಸಧ್ವನಿಯಲ್ಲಿ ನಿಷಾದವಿದೆ, ಧೈವತವಿಲ್ಲ. ನಿಷಾದದ ಜಾಗಕ್ಕೆ ಧೈವತ ಬಂದ ಮೇಲೆ ಹಂಸಧ್ವನಿಯ ಮಾತೆಲ್ಲಿ, ಅದು ಮೋಹನ ರಾಗವೇ. ಆದರೆ ನಾನು ಸುಮ್ಮನೆ ಬರೆದದ್ದಲ್ಲ. ಹಾಡು ಕಟ್ಟಿದವರು ಹಂಸಧ್ವನಿ ಎಂದು ಹೇಳಿದ್ದರು, ನಾನು ಕಿವಿಯನ್ನು ಬಿಟ್ಟು ಅವರ ಮಾತನ್ನು ನಂಬಿದೆ. ನಿಮ್ಮ ಪತ್ರ ಬಂದ ಮೇಲೆ ಹಾರ್ಮೋನಿಯಂ ನುಡಿಸಿದವನನ್ನು ಕರೆದು ಕೇಳಿದೆ. ಹಗಲು ಹೊತ್ತು ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗ ಅವನು. ‘ನಿಷಾದದ ಮನೆಗೆ ಬೀಗ ಬಿದ್ದಿತ್ತು ಸಾರ್. ಒಂದು ಮನೆ ಬಿಟ್ಟು ಧೈವತದ ಮನೆಯಲ್ಲಿ ಉಳಿದುಕೊಂಡೆ’ ಎಂದ. ಆ ಪೆಟ್ಟಿಗೆಯಲ್ಲಿ ನಿಷಾದದ ಮನೆಯನ್ನು, ಅಂದರೆ ಆ ಸ್ವರದ ಪಟ್ಟಿಯನ್ನು, ಒತ್ತಿದರೆ ಉಸಿರು ಮಾತ್ರ ಬರುತ್ತದೆಯಂತೆ.

ಕಛೇರಿಗೆ ಅರ್ಧ ಕಾಲಂ ಕೊಟ್ಟದ್ದು ತಪ್ಪು. ಅದಕ್ಕೆ ಸಮಜಾಯಿಷಿ ಇಲ್ಲ.

ಇನ್ನು ಅಣಕದ ಮಾತು. ಧ್ವನಿಮುದ್ರಣದ ಒಂದು ರಾತ್ರಿ ನಾನು ಅಲ್ಲಿದ್ದೆ, ಆದ್ದರಿಂದ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಅವರ ಸ್ಟುಡಿಯೋ ಎಂದರೆ ಮಂಡಕ್ಕಿ ಭಟ್ಟಿಯ ಹಿಂದಿನ ದಾಸ್ತಾನು ಕೋಣೆ. ಮೂರು ಗೋಡೆಗೂ ಸೂರಿನವರೆಗೆ ಮಂಡಕ್ಕಿ ಚೀಲಗಳು. ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಇಂಗಿಹೋಗುತ್ತದೆ, ಮಾರುದನಿ ಎಂಬುದೇ ಇಲ್ಲ. ಬೆಲೆ ಬಾಳುವ ಸ್ಟುಡಿಯೋದವರು ಗೋಡೆಗೆ ಸ್ಪಂಜು ಅಂಟಿಸಿ ಮಾಡುವ ಕೆಲಸವನ್ನು ಇಲ್ಲಿ ಮಂಡಕ್ಕಿ ಮಾಡುತ್ತದೆ. ತಾಳಕ್ಕೆ ಒಂದು ಕಂಜಿರ, ಜೊತೆಗೆ ಭಟ್ಟಿಯ ಜರಡಿ. ಮರಳಿನಿಂದ ಮಂಡಕ್ಕಿಯನ್ನು ಬೇರೆ ಮಾಡುವಾಗ ಬರುವ ಆ ‘ಝಲ್’ ಸದ್ದನ್ನು ಭಟ್ಟಿಯ ಮಾಲೀಕರ ಭಾವಮೈದುನ ಆದಿತಾಳಕ್ಕೆ ಕೂರಿಸಲು ಪಡುತ್ತಿದ್ದ ಪಾಡು ನೋಡಬೇಕಿತ್ತು. ಹದಿನಾಲ್ಕು ಸಲ ತಪ್ಪಿದ. ಹದಿನೈದನೆಯ ಸಲ ಸರಿಯಾಗಿ ಬಂತು, ಆಗ ಮದುವೆ ಬ್ಯಾಂಡ್ ಸೆಟ್ಟಿನ ಕ್ಲಾರಿನೆಟ್ಟಿನವರು ಸೀನಿದರು. ಮತ್ತೆ ಮೊದಲಿನಿಂದ ಶುರು. ರಾತ್ರಿ ಎರಡು ಗಂಟೆಯವರೆಗೆ ಒಬ್ಬರೂ ನಗಲಿಲ್ಲ ಮೇಷ್ಟ್ರೇ. ಅಣಕಿಸುವವನು ಇಷ್ಟು ಬೆವರುವುದಿಲ್ಲ.

ಹಿಂದೆ ಇಂಗ್ಲೆಂಡಿನಲ್ಲೂ ಇಂಥದ್ದೊಂದು ನಡೆದಿತ್ತು. 1970ರಲ್ಲಿ ಪೋರ್ಟ್ಸ್‌ಮತ್ ಕಲಾಶಾಲೆಯಲ್ಲಿ ಗೇವಿನ್ ಬ್ರಯರ್ಸ್ ಎಂಬ ಸಂಗೀತಗಾರರೂ ಅಲ್ಲಿನ ವಿದ್ಯಾರ್ಥಿಗಳೂ ಸೇರಿ ‘ಪೋರ್ಟ್ಸ್‌ಮತ್ ಸಿನ್ಫೋನಿಯಾ’ ಎಂಬ ವಾದ್ಯವೃಂದ ಕಟ್ಟಿದರು. ವಾದ್ಯ ಬಾರದವರಿಗೆ ಸ್ವಾಗತ. ಬರುವವರಾದರೆ ತಮಗೆ ಬಾರದ ಇನ್ನೊಂದು ವಾದ್ಯವನ್ನು ಕೈಗೆತ್ತಿಕೊಳ್ಳಬೇಕು. ಮುಂದೆ ಹೆಸರಾಂತ ಸಂಗೀತ ನಿರ್ಮಾಪಕರಾದ ಬ್ರಿಯಾನ್ ಈನೊ ಅದರಲ್ಲಿ ಕ್ಲಾರಿನೆಟ್ ಊದಿದರು. 1974ರ ಮೇ 28ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸಾವಿರಾರು ಜನ ಟಿಕೆಟ್ ಕೊಂಡು ಬಂದು ಕೇಳಿದರು. ಆದರೆ ಅವರ ಕಟ್ಟಳೆ ನೋಡಿ: ತಾಲೀಮು ತಪ್ಪಿಸುವಂತಿಲ್ಲ, ಬೇಕೆಂದೇ ಕೆಟ್ಟದಾಗಿ ನುಡಿಸುವಂತಿಲ್ಲ. ಸರಿಯಾಗಿ ನುಡಿಸಲೇಬೇಕೆಂದು ಹೊರಟು ಮುಗ್ಗರಿಸಿದರೆ ಅದು ನಗೆ. ಮುಗ್ಗರಿಸಲೆಂದೇ ಹೊರಟರೆ ಅದು ಬರೀ ಕಿರಿಕಿರಿ. ನಮ್ಮ ಭಟ್ಟಿಯ ಹುಡುಗರಿಗೆ ಆ ತಂಡದ ಹೆಸರೂ ಗೊತ್ತಿಲ್ಲ, ಕಟ್ಟಳೆ ಮಾತ್ರ ಗೊತ್ತಿದೆ.

ಅರ್ಥವಿಲ್ಲ ಎಂದಿರಿ. ರೈಲ್ವೆ ಗೇಟಿನ ಹಾಡಿನ ನಾಲ್ಕು ಸಾಲನ್ನು ಇಲ್ಲಿ ಕೊಡುತ್ತೇನೆ:

ಗೇಟು ಬಿದ್ದಿತು, ರೈಲು ಬರಲಿಲ್ಲ,
ಕಾದ ಎಮ್ಮೆಗೆ ಮೊಮ್ಮಗಳು ಹುಟ್ಟಿದಳು.
ಮೊಮ್ಮಗಳ ಮದುವೆಗೆ ರೈಲು ಬಂದಿತು,
ಗೇಟು ಊಟಕ್ಕೆ ಹೋಗಿತ್ತು.

ಅಶೋಕ ರಸ್ತೆಯ ಗೇಟಿನ ಮುಂದೆ ಒಂದು ಕಾಲನ್ನು ನೆಲಕ್ಕೂರಿ ಸ್ಕೂಟರ್ ಮೇಲೆ ಕಾದವರಿಗೆ ಇದಕ್ಕೆ ಟೀಕು ಬೇಕಿಲ್ಲ. ‘ಶರೀಫರ ಕೋಳಿ ಕೋಡಗನನ್ನು ನುಂಗಲಿಲ್ಲವೇ’ ಎಂದು ನಿಮ್ಮ ಮೇಲೆ ಅಸ್ತ್ರ ಪ್ರಯೋಗ ಮಾಡುವುದು ಸುಲಭ, ಆದರೆ ಅದು ಮೋಸ. ಶಿಶುನಾಳ ಶರೀಫರು (1819–1889) ಕೊನೆಯಲ್ಲಿ ಗುರುವಿನ ಪಾದಕ್ಕೆ ಬಂದು ನಿಲ್ಲುತ್ತಾರೆ, ನುಂಗಿದ್ದೆಲ್ಲ ಅಲ್ಲಿ ಬೆಳಗುತ್ತದೆ. ಈ ಹುಡುಗರ ಎಮ್ಮೆ ಎಲ್ಲಿಗೂ ಬಂದು ನಿಲ್ಲುವುದಿಲ್ಲ. ನನಗೆ ಕಂಡ ಹೋಲಿಕೆ ಕಸುಬಿನದು ಮಾತ್ರ. ಶರೀಫರಲ್ಲಿ ಆಡು ಆನೆಯನ್ನು ನುಂಗುತ್ತದೆ, ಗೋಡೆ ಸುಣ್ಣವನ್ನು ನುಂಗುತ್ತದೆ. ನುಂಗಬೇಕಾದದ್ದು ನುಂಗಿಸಿಕೊಳ್ಳಬೇಕು ಎಂಬ ಲೆಕ್ಕ ಎಲ್ಲೂ ಸಡಿಲುವುದಿಲ್ಲ. ತಲೆಕೆಳಗಾದ ಲೋಕಕ್ಕೂ ವ್ಯಾಕರಣ ಇರುತ್ತದೆ. ‘ಅವಲಕ್ಕಿ ಪವಲಕ್ಕಿ’ ಎಂದು ಬೆರಳು ಎಣಿಸುವಾಗ ಒಂದು ಅಕ್ಷರ ತಪ್ಪಿದರೆ ಮಕ್ಕಳು ಎಂಥ ಜಗಳ ತೆಗೆಯುತ್ತವೆ, ನಿಮಗೆ ಗೊತ್ತಿರುವುದೇ.

ಆ ವ್ಯಾಕರಣ ತಪ್ಪಿದ ಕಡೆಗಳೂ ಆಲ್ಬಂನಲ್ಲಿ ಇವೆ. ಅದನ್ನು ಲೇಖನದಲ್ಲೇ ಹೇಳಬೇಕಿತ್ತು, ಸಲುಗೆಯಿಂದ ಬಿಟ್ಟೆ. ಮಿಕ್ಸಿಗೆ ಮಂಗಳಾರತಿ ಎತ್ತುವ ಆರನೆಯ ಹಾಡಿನಲ್ಲಿ ಹಾಡುವಾತ ಎರಡನೆಯ ಚರಣಕ್ಕೇ ಕಿಸಕ್ಕೆಂದು ನಕ್ಕುಬಿಡುತ್ತಾನೆ. ಅವನು ನಕ್ಕ ಮೇಲೆ ನಮಗೆ ನಗಲು ಏನೂ ಉಳಿಯುವುದಿಲ್ಲ. ರಂಗನಟಿ ಚಿಂದೋಡಿ ಲೀಲಾ ಅವರ ಊರಿನಲ್ಲಿ, ಕಂಪನಿ ನಾಟಕ ನೋಡಿ ಬೆಳೆದ ಜನರ ಮುಂದೆ ಇದನ್ನು ಮಾಡಬಾರದು. ಮಾವನ ಮನೆಯಲ್ಲಿ ಬೆಣ್ಣೆ ದೋಸೆ ಎಣಿಸುವ ಅಳಿಯನ ಹಾಡಂತೂ ವಾಟ್ಸ್‌ಆಪ್‌ನಲ್ಲಿ ಸವೆದುಹೋದ ನಗೆಹನಿಗೆ ರಾಗ ಹಾಕಿದಂತಿದೆ. ಅವೆರಡನ್ನು ತೆಗೆದರೆ ಆಲ್ಬಂ ಹಗುರಾಗುತ್ತದೆ.

ಆದರೆ ನಾಲ್ಕನೆಯದನ್ನು ಇನ್ನೊಮ್ಮೆ ಕೇಳಿ, ಇದು ನನ್ನ ಕೋರಿಕೆ. ಮುಚ್ಚಿದ ಹತ್ತಿ ಗಿರಣಿಯ ಸೈರನ್ನಿಗೆ ನಿದ್ದೆ ಬರುತ್ತಿಲ್ಲವೆಂದು ಊರಿನವರು ಜೋಗುಳ ಹಾಡುತ್ತಾರೆ. ‘ಮೂರನೆಯ ಪಾಳಿ ಮನೆಗೆ ಹೋಯಿತು, ನೀನೂ ಮಲಗು’ ಎಂದು ಸಮಾಧಾನ ಮಾಡುತ್ತಾರೆ. ಕ್ಲಾರಿನೆಟ್ಟು ಸೈರನ್ನಿನಂತೆ ಮೇಲಕ್ಕೆ ಏರುತ್ತದೆ, ಇಳಿಯಬೇಕಾದ ಜಾಗದಲ್ಲಿ ಇಳಿಯದೆ ಉಳಿದುಬಿಡುತ್ತದೆ. ನಮ್ಮ ತಂದೆ ಗಿರಣಿಯ ಕೂಗು ಕೇಳಿ ಗಡಿಯಾರಕ್ಕೆ ಕೀ ಕೊಡುತ್ತಿದ್ದರು. ಮೊದಲ ಸಲ ಕೇಳಿದಾಗ ನಾನು ನಗಲು ತಯಾರಾಗಿ ಕುಳಿತಿದ್ದೆ, ನಗು ಬರಲಿಲ್ಲ. ಆ ಏರಿದ ಸ್ವರ ಶ್ರುತಿಗಿಂತ ಒಂದು ಕೂದಲೆಳೆ ಕೆಳಗಿದೆ, ನಿಜ. ಹಳೆಯ ಸೈರನ್ನೂ ಶ್ರುತಿ ಹಿಡಿದು ಕೂಗುತ್ತಿರಲಿಲ್ಲವಲ್ಲ.

ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ತೆಗೆದಿರಿಸಿದ್ದೇನೆ. ಆ ಕಛೇರಿಯ ಬಗ್ಗೆ ನೀವೇ ಬರೆಯಬೇಕು.

ನಿಮ್ಮ ಪತ್ರದ ಪ್ರತಿಯನ್ನು ಹುಡುಗರಿಗೆ ಕಳುಹಿಸಿದ್ದೆ. ಓದಿ ಬೇಸರಿಸಲಿಲ್ಲ, ಚಂದಾ ಎತ್ತಿ ಹಾರ್ಮೋನಿಯಂ ಪೆಟ್ಟಿಗೆಯನ್ನು ರಿಪೇರಿಗೆ ಕೊಟ್ಟಿದ್ದಾರೆ. ಹದಿನೈದು ದಿನದಲ್ಲಿ ನಿಷಾದ ಮಾತನಾಡುತ್ತದೆ ಎಂದು ರಿಪೇರಿಯವರು ಮಾತು ಕೊಟ್ಟಿದ್ದಾರಂತೆ, ಆಮೇಲೆ ಎರಡನೆಯ ಹಾಡಿನ ಧ್ವನಿಮುದ್ರಣ ಮತ್ತೆ. ಆದ್ದರಿಂದ ತಿದ್ದುಪಡಿ: ಕಳೆದ ಸಂಚಿಕೆಯ ಲೇಖನದಲ್ಲಿ ‘ಹಂಸಧ್ವನಿ’ ಎಂದಿರುವುದನ್ನು ಓದುಗರು ‘ಮೋಹನ’ ಎಂದು ತಿದ್ದಿಕೊಂಡು ಓದಬೇಕು. ಪೆಟ್ಟಿಗೆ ವಾಪಸ್ ಬರುವವರೆಗೆ ಮಾತ್ರ.

– ಸಂ.