ಸೇಡಂ ರೋಡಿನ ಸೈಟು: ತಗೊಳ್ಳೋದಾ, ಬಿಡೋದಾ?

ನಮಸ್ಕಾರ ರೀ. ಕಲಬುರಗಿಯ ಸೇಡಂ ರೋಡಿನಲ್ಲಿ ಸೈಟು ತಗೊಂಡು ಬಾಡಿಗೆಗೆ ಮನೆ ಕಟ್ಟಬೇಕು ಅಂತಿದ್ದೀರಿ. ಆದರೆ "ಹುಡುಗರೆಲ್ಲ ಬೆಂಗಳೂರು, ಪುಣೆ ಅಂತ ಹೊರಟಿದ್ದಾರೆ, ಇನ್ನು 20 ವರ್ಷಕ್ಕೆ ಕಲಬುರಗಿಯಲ್ಲಿ ಬಾಡಿಗೆಗೆ ಯಾರು ಬರ್ತಾರೆ?" ಅಂತ ಕೇಳಿದ್ದೀರಿ. ಹೋಗುವವರನ್ನು ಎಣಿಸಿದ್ದೀರಿ, ಬರುವವರನ್ನು ಬಿಟ್ಟಿದ್ದೀರಿ.

ತೊಗರಿ ರಾಶಿ ಮುಗಿದ ಮೇಲೆ ಸ್ಟೇಷನ್ನಿಗೆ ಹೋಗಿ ನೋಡಿ. ಮುಂಬೈ ಗಾಡಿಗೆ ಗಂಟು, ಪಾತ್ರೆ, ಮಕ್ಕಳ ಸಮೇತ ಕಾಯುವವರಲ್ಲಿ ಹೆಚ್ಚಿನವರು ಹಳ್ಳಿ, ತಾಂಡಾದವರು. ಊರು ಬಿಡ್ತಿರೋದು ಹೆಚ್ಚಾಗಿ ಹಳ್ಳಿಯವರು. ಕಲಬುರಗಿ ನಗರ 2011ರ ಜನಗಣತಿಯಲ್ಲೇ 5 ಲಕ್ಷ ದಾಟಿತ್ತು.

ನಮ್ಮ ಓಣಿಯಲ್ಲೇ ನೋಡಿ. ಒಂದು ರೂಮಿಗೆ ಮೂರು ಹುಡುಗರು, ಚಿಂಚೋಳಿ, ಸುರಪುರ ಕಡೆಯವರು. ಮೂಲೆಯಲ್ಲಿ ಖಾನಾವಳಿ ಡಬ್ಬಿ, ಗೋಡೆ ಮೇಲೆ ಭಾರತದ ನಕಾಶೆ, ರಾತ್ರಿ ಒಂದರವರೆಗೆ ಲೈಟು. ಎಫ್‌ಡಿಎ, ಪಿಎಸ್‌ಐ ಅಂತ ಸರ್ಕಾರಿ ನೌಕರಿ ಪರೀಕ್ಷೆಗೆ ಓದು. ಸಂವಿಧಾನದಲ್ಲಿ 371(ಜೆ) ವಿಧಿ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸೀಟು, ನೌಕರಿಯಲ್ಲಿ ಮೀಸಲಾತಿ ಸಿಕ್ಕಿತಲ್ವಾ, ಇಲ್ಲೇ ಉಳಿದು ಓದೋಕೆ ಅದೊಂದು ಕಾರಣ.

ಆದರೆ ಹುಡುಗರನ್ನೇ ನಂಬಬೇಡಿ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಅಂದ್ರೆ ಮುಂದೆ ಹುಡುಗರ ಪಾಲು ಕಡಿಮೆ ಆಗಿ, ವಯಸ್ಸಾದವರ ಪಾಲು ಜಾಸ್ತಿ ಆಗುತ್ತೆ. ಮಗ ಬೆಂಗಳೂರಿನಲ್ಲಿ, ತಂದೆ ತಾಯಿ ಆಸ್ಪತ್ರೆ ಹತ್ತಿರ ಇರಲಿ ಅಂತ ಕಲಬುರಗಿಯಲ್ಲಿ. ಇಂಥ ಮನೆ ಈಗಲೇ ಎರಡು ನೋಡಿದ್ದೇನೆ. ನಿಮ್ಮ ಸೈಟಿನ ಕಡೆಗೇ ಇಎಸ್‌ಐ ಆಸ್ಪತ್ರೆಯೂ ಇದೆ.

ಹಾಗಾಗಿ ತಗೊಳ್ಳಿ. ದೊಡ್ಡ ಮೂರು ಬೆಡ್‌ರೂಮ್ ಸುಮ್ನೆ ಕಟ್ಟಬೇಡಿ. ಮೇಲೆ ಸಣ್ಣ ರೂಮುಗಳು, ಕೆಳಗೆ ಮೆಟ್ಟಿಲಿಲ್ಲದ ಮನೆ, ನೆಲ ಜಾರದ ಬಚ್ಚಲು. ಅಡ್ವಾನ್ಸ್ ಕೊಡೋ ಮೊದಲು ಬೇಸಿಗೆಯಲ್ಲಿ ಒಮ್ಮೆ ಹೋಗಿ, ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತೆ ಅಂತ ಪಕ್ಕದ ಮನೆಯವರನ್ನು ಕೇಳಿ. ಬ್ರೋಕರ್‌ನನ್ನಲ್ಲ.