ಓದುಗರ ಪ್ರಶ್ನೆಗೆ ಉತ್ತರ: ಯಮಗುಚಿ ಮೊಮೊಯೆ ಮತ್ತು ಆ ಏಳು ವರ್ಷ

ಎಪ್ಪತ್ತರ ದಶಕದ ಜಪಾನಿನ ಗಾಯಕಿ, ನಟಿ ಯಮಗುಚಿ ಮೊಮೊಯೆ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆಯ್ದ ಕೆಲವು ಇಲ್ಲಿವೆ. ಜಪಾನಿ ಪದ್ಧತಿಯಂತೆ ಮನೆತನದ ಹೆಸರನ್ನು ಮೊದಲು ಬರೆದಿದ್ದೇವೆ. ‘ಮೊಮೊಯೆ’ ಆಕೆಯ ಸ್ವಂತ ಹೆಸರು.

ಪ್ರಶ್ನೆ: ಮೊಮೊಯೆ ಟಿವಿ ಸ್ಪರ್ಧೆಯಿಂದ ಬಂದವರಂತೆ, ಆದರೆ ಅದರಲ್ಲಿ ಗೆದ್ದವರು ಅವರಲ್ಲವಂತೆ. ಹಾಗಾದರೆ ಅವಕಾಶ ಸಿಕ್ಕಿದ್ದು ಹೇಗೆ?

ಉತ್ತರ: ಸ್ಪರ್ಧೆಯ ಹೆಸರು ‘ಸ್ಟಾರ್ ತಂಜೋ’, ಅಂದರೆ ತಾರೆಯ ಹುಟ್ಟು. ನಿಪ್ಪಾನ್ ಟಿವಿಯಲ್ಲಿ 1971ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅಲ್ಲಿ ಮೊದಲ ಸ್ಥಾನಕ್ಕಿಂತ ಮುಖ್ಯವಾದದ್ದು ಫಲಕ. ಕೊನೆಯ ಸುತ್ತಿನಲ್ಲಿ ಸ್ಪರ್ಧಿ ಹಾಡಿ ಮುಗಿಸಿ ನಿಂತಾಗ, ಎದುರಿಗೆ ಕುಳಿತ ರೆಕಾರ್ಡ್ ಕಂಪನಿ ಮತ್ತು ಏಜೆನ್ಸಿಗಳ ಪ್ರತಿನಿಧಿಗಳಲ್ಲಿ ಯಾರಿಗೆ ಬೇಕೋ ಅವರು ತಮ್ಮ ಕಂಪನಿ ಹೆಸರಿನ ಫಲಕ ಎತ್ತಬೇಕು. ಒಂದೂ ಏಳದಿದ್ದರೆ ಮನೆಗೆ ಹೊರಡುವುದೇ. 1972ರಲ್ಲಿ 13 ವರ್ಷದ ಮೊಮೊಯೆ ಬಂದದ್ದು ಎರಡನೆಯವರಾಗಿ, ಆದರೆ ಫಲಕಗಳು ಎದ್ದವು. ಹೋರಿಪ್ರೊ ಏಜೆನ್ಸಿ ಸೇರಿದರು, ಹಾಡು ಹೊರತಂದದ್ದು ಸಿಬಿಎಸ್ ಸೋನಿ.

ಅದೇ ವೇದಿಕೆಯಿಂದ ಬಂದ ಮೋರಿ ಮಸಾಕೊ, ಸಕುರಾದಾ ಜುಂಕೊ ಕೂಡ ಅದೇ ತರಗತಿಯ ವಯಸ್ಸಿನವರು. ಮೂವರನ್ನೂ ಸೇರಿಸಿ ‘ಮಿಡಲ್ ಸ್ಕೂಲ್ ಮೂರನೆಯ ವರ್ಷದ ಹೂವಿನ ತ್ರಿವಳಿ’ ಎಂದು ಕರೆದರು. ಹುಡುಗಿಯರು ಮುಂದಿನ ತರಗತಿಗೆ ಹೋದಂತೆಲ್ಲ ತ್ರಿವಳಿಯ ಹೆಸರೂ ಬಡ್ತಿ ಪಡೆಯುತ್ತಾ ಹೋಯಿತು!

ಪ್ರಶ್ನೆ: ಆರಂಭದ ಹಾಡುಗಳಿಗೂ ನಂತರದವಕ್ಕೂ ಇಷ್ಟು ವ್ಯತ್ಯಾಸ ಏಕೆ? ಒಬ್ಬರೇ ಹಾಡಿದ್ದಾ ಎನಿಸುತ್ತದೆ.

ಉತ್ತರ: 1973ರ ಮೇ 21ರಂದು ಬಂದ ಮೊದಲ ಹಾಡು ಅಷ್ಟೇನೂ ಓಡಲಿಲ್ಲ. ಅದೇ ಸೆಪ್ಟೆಂಬರ್‌ನ ಎರಡನೆಯ ಹಾಡಿಗೆ ಕಂಪನಿ ದಾರಿ ಬದಲಿಸಿತು: ಮುಖ ಮುಗ್ಧ, ಸಾಹಿತ್ಯ ದ್ವಂದ್ವಾರ್ಥದ್ದು. ಅದು ಮಾರಾಟವಾಯಿತು, ಮುಂದಿನ ಹಲವು ಹಾಡುಗಳೂ ಅದೇ ಜಾಡು ಹಿಡಿದವು. ವ್ಯಾಪಾರದ ಲೆಕ್ಕದಲ್ಲಿ ಅದು ಜಾಣತನ. ಹಾಡುತ್ತಿದ್ದಾಕೆಗೆ 14 ವರ್ಷ ಎಂದು ತಿಳಿದು ಕೇಳಿದರೆ ಇರುಸುಮುರುಸಾಗುತ್ತದೆ.

ತಿರುವು ಬಂದದ್ದು 1976ರ ‘ಯೊಕೊಸುಕಾ ಸ್ಟೋರಿ’ಯಲ್ಲಿ. ರಾಕ್ ತಂಡ ಕಟ್ಟಿದ್ದ ಉಜಾಕಿ ರ‍್ಯೂದೊ ಅವರ ಹಾಡು ಬೇಕೆಂದು ಕೇಳಿದ್ದು ಮೊಮೊಯೆಯೇ. ರಾಗ ಉಜಾಕಿಯದು, ಸಾಹಿತ್ಯ ಅವರ ಪತ್ನಿ ಆಕಿ ಯೋಕೊ ಅವರದು. ಟೋಕಿಯೊದ ದಕ್ಷಿಣಕ್ಕೆ, ಅಮೆರಿಕದ ನೌಕಾನೆಲೆ ಇರುವ ಬಂದರು ಪಟ್ಟಣ ಯೊಕೊಸುಕಾ. ಮೊಮೊಯೆ ಬೆಳೆದದ್ದು ಅಲ್ಲಿ. ಹಾಡಲ್ಲಿ ಬರುವ ಏರುದಾರಿ, ಸಮುದ್ರ ಆಕೆಗೆ ಕಂಡದ್ದೇ. ಅಲ್ಲಿಂದಾಚೆ ಆಕೆಯ ದನಿ ಕೆಳಸ್ತರಕ್ಕೆ ಇಳಿಯಿತು. ಸಿಹಿಯಾಗಿ ಹಾಡುವ ಒತ್ತಾಯವಿಲ್ಲ, ಸಾಲಿನ ಕೊನೆಯನ್ನು ಎಳೆಯದೆ ಕತ್ತರಿಸಿಬಿಡುವ ಧೈರ್ಯ ಬಂತು. ನಮ್ಮ ಅಭಿಪ್ರಾಯದಲ್ಲಿ ನಿಜವಾದ ಮೊಮೊಯೆ ಶುರುವಾಗುವುದೇ ಇಲ್ಲಿ.

ಪ್ರಶ್ನೆ: ‘ಪ್ಲೇಬ್ಯಾಕ್ ಪಾರ್ಟ್ 2’ ಕೇಳುವಾಗ ನಡುವೆ ಹಾಡು ತಟ್ಟನೆ ನಿಂತುಹೋಗುತ್ತದೆ. ನನ್ನ ಫೈಲ್ ಕೆಟ್ಟಿದೆಯೇ? ಪಾರ್ಟ್ 1 ಎಲ್ಲಿದೆ?

ಉತ್ತರ: ಫೈಲ್ ಸರಿಯಾಗಿದೆ. ಆ ಮೌನವೇ ಹಾಡಿನ ಕೀಲು. ಹೆಣ್ಣೊಬ್ಬಳು ಕೆಂಪು ಪೋರ್ಷೆ ಓಡಿಸುತ್ತಾ ಒಬ್ಬಳೇ ಹೊರಟಿದ್ದಾಳೆ. ನಾಲ್ಕು ದಾರಿ ಕೂಡುವಲ್ಲಿ ಕನ್ನಡಿ ತಾಗಿತೆಂದು ಪಕ್ಕದ ಕಾರಿನವನು ಕೂಗಾಡುತ್ತಾನೆ, ಇವಳೂ ತಿರುಗಿ ಬೀಳುತ್ತಾಳೆ. ಆಗ ವಾದ್ಯಗಳೆಲ್ಲ ನಿಲ್ಲುತ್ತವೆ. ತಡಿ, ಈಗಿನ ಮಾತನ್ನು ಹಿಂದಕ್ಕೆ ಸುತ್ತು ಎನ್ನುತ್ತಾಳೆ. ಕಥೆ ಹಿಂದಿನ ರಾತ್ರಿಯ ಜಗಳಕ್ಕೆ ಜಿಗಿಯುತ್ತದೆ. ಎರಡನೆಯ ಸಲ ಸುತ್ತುವುದು ಕಾರಿನ ರೇಡಿಯೊದಿಂದ ಕೇಳಿದ ಮಾತನ್ನು. ಅದು ಗಾಯಕ ಸವಾದಾ ಕೆಂಜಿಯ 1977ರ ಜನಪ್ರಿಯ ಹಾಡೊಂದರ ಹೆಸರು. ಮನೆ ಬಿಟ್ಟು ಹೋಗುವವಳನ್ನು ನೋಡುತ್ತಾ ಗಂಡಸು ಹಾಡಿದ್ದಕ್ಕೆ ಇಲ್ಲಿ ಹೆಣ್ಣಿನ ಕಡೆಯ ಜವಾಬು.

ಪಾರ್ಟ್ 1 ಎಂಬುದೂ ಇದೆ, ಆದರೆ ಇದು ಅದರ ಮುಂದುವರಿಕೆಯಲ್ಲ. ಸಿಂಗಲ್‌ಗೆಂದು ತಯಾರಾಗಿ ಆಯ್ಕೆಯಾಗದೆ ಉಳಿದ ಇನ್ನೊಂದು ರಾಗ ಅದು. ನಂತರ ಆಲ್ಬಂನಲ್ಲಿ ಸೇರಿತು.

ಇನ್ನೊಂದು ಗೊಂದಲ: ಕೆಲವು ಟಿವಿ ದೃಶ್ಯಗಳಲ್ಲಿ ‘ಪೋರ್ಷೆ’ ಬದಲು ಬರೀ ‘ಕುರುಮಾ’, ಅಂದರೆ ಕಾರು, ಎಂದಿರುತ್ತದೆ. ಅದು ಎನ್‌ಎಚ್‌ಕೆ ವಾಹಿನಿಯದ್ದು. ವೀಕ್ಷಕರ ಶುಲ್ಕದಿಂದ ನಡೆಯುವ ಸಂಸ್ಥೆಗೆ ಜಾಹೀರಾತು ನಿಷಿದ್ಧ, ಹಾಗಾಗಿ ಕಂಪನಿ ಹೆಸರು ಹಾಡಲ್ಲೂ ಬಾರದು ಎಂಬ ಮಡಿ. ಆದರೂ 1978ರ ಡಿಸೆಂಬರ್ 31ರ ಎನ್‌ಎಚ್‌ಕೆಯ ಕೋಹಾಕು ಎಂಬ, ಹೆಂಗಸರ ಮತ್ತು ಗಂಡಸರ ತಂಡಗಳು ಪೈಪೋಟಿಯಲ್ಲಿ ಹಾಡುವ ವರ್ಷಾಂತ್ಯದ ಕಾರ್ಯಕ್ರಮದಲ್ಲಿ ಹೆಂಗಸರ ಕೆಂಪು ತಂಡದ ಕೊನೆಯ ಗಾಯಕಿಯಾಗಿ ಆಕೆ ಹಾಡಿದ್ದು ಇದನ್ನೇ. ಆ ಕೊನೆಯ ಸರದಿಗೆ ‘ತೊರಿ’ ಎನ್ನುತ್ತಾರೆ, ಹಿರಿಯರ ಸ್ಥಾನ ಅದು. ಮೊಮೊಯೆಗೆ ಆಗ 19.

ಪ್ರಶ್ನೆ: ನಟನೆಯಲ್ಲಿ ನೋಡಲೇಬೇಕಾದದ್ದು ಯಾವುದು?

ಉತ್ತರ: 1974ರ ‘ಇಜು ನೊ ಒದೊರಿಕೊ’ದಿಂದ ಆರಂಭಿಸಿ. ಸಾಹಿತಿ ಕವಾಬಾತಾ ಯಸುನಾರಿಯ ಕಥೆಯ ಚಿತ್ರ. ಊರೂರು ತಿರುಗುವ ನರ್ತಕಿಯಾಗಿ ಮೊಮೊಯೆ, ವಿದ್ಯಾರ್ಥಿಯಾಗಿ ಮಿಉರಾ ತೊಮೊಕಾಜು. ನಿರ್ದೇಶಕ ನಿಶಿಕಾವಾ ಕತ್ಸುಮಿ ಇದೇ ಕಥೆಯನ್ನು 1963ರಲ್ಲಿ ನಟಿ ಯೊಶಿನಾಗಾ ಸಯುರಿಯನ್ನು ಹಾಕಿ ತೆಗೆದಿದ್ದರು. ಎರಡನ್ನೂ ಒಂದರ ಹಿಂದೊಂದು ನೋಡಿದರೆ ಮೊಮೊಯೆ ಎಷ್ಟು ಕಡಿಮೆ ಮಾತಾಡಿ, ಎಷ್ಟು ನೋಟದಲ್ಲೇ ಮುಗಿಸುತ್ತಾರೆಂದು ತಿಳಿಯುತ್ತದೆ. ಚಾಕೊಲೇಟ್ ಜಾಹೀರಾತೊಂದರಲ್ಲಿ ಭೇಟಿಯಾದ ಈ ಜೋಡಿ 12 ಚಿತ್ರ ಮಾಡಿತು. ಕೊನೆಯದು ಇಚಿಕಾವಾ ಕೋನ್ ನಿರ್ದೇಶಿಸಿದ ‘ಕೊತೊ’, 1980ರದ್ದು.

ಟಿವಿಯಲ್ಲಾದರೆ ಟಿಬಿಎಸ್ ವಾಹಿನಿಯ ‘ಅಕಾಯ್’ ಸರಣಿ, ವಿಶೇಷವಾಗಿ 1975–76ರ ‘ಅಕಾಯ್ ಗಿವಾಕು’. ವಿಕಿರಣ ತಗುಲಿ ರಕ್ತದ ಕ್ಯಾನ್ಸರ್ ಬಂದ ಹುಡುಗಿಯ ಕಥೆ. ಕಣ್ಣೀರು ಧಾರಾಳ, ಕಾಕತಾಳೀಯಗಳು ಅದಕ್ಕಿಂತ ಧಾರಾಳ. 1984ರಲ್ಲಿ ಚೀನಾದಲ್ಲಿ ಪ್ರಸಾರವಾದಾಗ ಅಲ್ಲಿ ಆಕೆ ಮನೆಮಾತಾದರು. ಅಷ್ಟು ಹೊತ್ತಿಗೆ ಜಪಾನಿನಲ್ಲಿ ಆಕೆ ನಟನೆ ಬಿಟ್ಟು ನಾಲ್ಕು ವರ್ಷವಾಗಿತ್ತು.

ಪ್ರಶ್ನೆ: ಹೊಸಬರು ಯಾವ ಹಾಡಿನಿಂದ ಶುರುಮಾಡಬೇಕು? ಹುಡುಕಿದರೆ ಗಂಡು ದನಿಯ ಹಾಡು ಬರುತ್ತಿದೆ.

ಉತ್ತರ: ಮೊದಲು ‘ಯೊಕೊಸುಕಾ ಸ್ಟೋರಿ’, ಆಮೇಲೆ ‘ಪ್ಲೇಬ್ಯಾಕ್ ಪಾರ್ಟ್ 2’, ಅದರ ಬಿರುಸು ಇಳಿಸಲು 1977ರ ‘ಕಾಸ್ಮೊಸ್’. ಮರುದಿನ ಮದುವೆಯಾಗಿ ಹೋಗುವ ಮಗಳು, ಹಳೆಯ ಫೋಟೊ ಆಲ್ಬಂ ತಿರುವುವ ತಾಯಿ, ಇಷ್ಟೇ ವಸ್ತು. ಬರೆದವರು ಸದಾ ಮಸಾಶಿ ಎಂಬ ಗಾಯಕ. ನಂತರ 1978ರ ‘ಇಯ್ ಹಿ ತಬಿದಾಚಿ’, ಇದು ತನಿಮುರಾ ಶಿಂಜಿಯದು. ಈ ಇಬ್ಬರೂ ತಮ್ಮ ಹಾಡನ್ನು ತಾವೂ ಹಾಡಿದ್ದಾರೆ, ನಿಮಗೆ ಸಿಗುತ್ತಿರುವ ಗಂಡು ದನಿ ಅದೇ ಇರಬೇಕು. ಹಾಡಿನ ಹೆಸರಿನ ಜೊತೆ ಗಾಯಕಿಯ ಪೂರ್ತಿ ಹೆಸರು ಹಾಕಿ ಹುಡುಕಿ. 2020ರ ಮೇಯಿಂದ ಆಕೆಯ ಹಾಡುಗಳು ಸ್ಟ್ರೀಮಿಂಗ್‌ನಲ್ಲಿವೆ.

ಕೊನೆಯ ಹಾಡಿನ ಹೆಸರಲ್ಲೊಂದು ಕಿತಾಪತಿ ಇದೆ. ‘ಪಯಣಕ್ಕೆ ಒಳ್ಳೆಯ ದಿನ’ ಎಂಬರ್ಥದ ಇದು ಜಪಾನ್ ರಾಷ್ಟ್ರೀಯ ರೈಲ್ವೆಯ ಪ್ರವಾಸ ಪ್ರಚಾರದ ಹಾಡು. ಶೀರ್ಷಿಕೆಯ ಚಿತ್ರಲಿಪಿಗಳಲ್ಲಿ ದಿನ, ಪಯಣ ಎರಡನ್ನು ಕೂಡಿಸಿದರೆ ನಿಪ್ಪಾನ್ ಟ್ರಾವೆಲ್ ಏಜೆನ್ಸಿಯ ಮೊಟಕು ಹೆಸರು. ಮೊದಲನೆಯದು ಮತ್ತು ಮೂರನೆಯದನ್ನು ಕೂಡಿಸಿದರೆ ಹಿಟಾಚಿ.

ಪ್ರಶ್ನೆ: 21ನೇ ವಯಸ್ಸಿಗೇ ನಿವೃತ್ತಿ ನಿಜವೇ? ಮತ್ತೆ ಬರಲಿಲ್ಲವೇ? ಸ್ವಂತ ಸಾಹಿತ್ಯವೇನಾದರೂ ಇದೆಯೇ?

ಉತ್ತರ: ನಿಜ. 1980ರ ಅಕ್ಟೋಬರ್ 5ರಂದು ಟೋಕಿಯೊದ ನಿಪ್ಪಾನ್ ಬುದೊಕಾನ್‌ನಲ್ಲಿ ವಿದಾಯದ ಕಛೇರಿ. ಬಿಳಿ ಉಡುಪಿನಲ್ಲಿ ಕೊನೆಯ ಹಾಡು ಮುಗಿಸಿ, ಕೈಯಲ್ಲಿದ್ದ ಬಿಳಿ ಮೈಕನ್ನು ವೇದಿಕೆಯ ನಡುವೆ ನೆಲದ ಮೇಲಿಟ್ಟು ಹಿಂದಕ್ಕೆ ನಡೆದರು. ನವೆಂಬರ್ 19ರಂದು ಮಿಉರಾ ತೊಮೊಕಾಜು ಜೊತೆ ಮದುವೆ. ಮತ್ತೆ ಹಾಡಲು ಬರಲಿಲ್ಲ. 2019ರಲ್ಲಿ ಮಿಉರಾ ಮೊಮೊಯೆ ಎಂಬ ಹೆಸರಲ್ಲಿ ಪುಸ್ತಕವೊಂದು ಬಂತು, ಅದು ಆಕೆ ಹೊಲಿದ ಕ್ವಿಲ್ಟ್‌ಗಳದ್ದು.

ಸ್ವಂತ ಸಾಹಿತ್ಯ ಬೇಕಿದ್ದರೆ ಮದುವೆಯ ದಿನವೇ ಬಿಡುಗಡೆಯಾದ ‘ಇಚಿಎ’ ಕೇಳಿ. ರಾಗ ತನಿಮುರಾ ಶಿಂಜಿಯದು. ಸಾಹಿತ್ಯದ ಜಾಗದಲ್ಲಿ ಯೊಕೊಸುಕಾ ಕೇಯ್ ಎಂಬ ಅಪರಿಚಿತ ಹೆಸರಿದೆ. ಮೊದಲರ್ಧ ಬೆಳೆದ ಊರು, ಎರಡನೆಯದು ‘ಮೊಮೊಯೆ’ಯ ಕೊನೆಯ ಚಿತ್ರಲಿಪಿಯನ್ನೇ ಬೇರೆ ರೀತಿ ಓದಿದ್ದು.