ಅಡುಗೆಮನೆ ಅಂಚೆ: ಬಾಗಿಲಿಗೊಂದು ಕುಂಬಳ, ಒಲೆಗೊಂದು ಕುಂಬಳ

ಅಕ್ಟೋಬರ್ ಬಂತೆಂದರೆ ನನ್ನ ಅಂಚೆಯಲ್ಲಿ ಮುಕ್ಕಾಲು ಪಾಲು ಕುಂಬಳಕಾಯಿಯದೇ ಪ್ರಶ್ನೆ. ನಾನಿರುವುದು ಇಲಿನಾಯ್ಸ್‌ನ ಪಿಯೋರಿಯಾದಲ್ಲಿ. ಕಾರಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಮಾರ್ಟನ್ ಎಂಬ ಸಣ್ಣ ಊರು ಸಿಗುತ್ತದೆ. ತನ್ನನ್ನು ತಾನೇ ‘ಜಗತ್ತಿನ ಕುಂಬಳಕಾಯಿ ರಾಜಧಾನಿ’ ಎಂದು ಕರೆದುಕೊಳ್ಳುವ ಊರು. ಜಂಬ ಅನ್ನುವಂತಿಲ್ಲ. ಲಿಬ್ಬೀಸ್ ಕಂಪನಿ ಬೇಯಿಸಿ ರುಬ್ಬಿದ ಕುಂಬಳವನ್ನು ಡಬ್ಬಿಗೆ ತುಂಬುವುದು ಅಲ್ಲಿ, ಅಮೆರಿಕದ ಅಂಗಡಿಗಳಲ್ಲಿ ಸಿಗುವ ಡಬ್ಬಿಗಳಲ್ಲಿ ಬಹುಪಾಲು ಅದರವೇ. ಹೀಗಾಗಿ ಧಾರವಾಡದವಳಾದ ನಾನು ಕುಂಬಳದ ವಿಷಯಕ್ಕೆ ಪಂಡಿತೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ. ಈ ಸಲ ಬಂದವುಗಳಲ್ಲಿ ಕೆಲವು.

ಪ್ರಶ್ನೆ: ಮಕ್ಕಳನ್ನು ಕರೆದುಕೊಂಡು ತೋಟಕ್ಕೆ ಹೋಗಿ ಹದಿನೆಂಟು ಪೌಂಡಿನ ಕೇಸರಿ ಬಣ್ಣದ ಕುಂಬಳ ತಂದೆವು. ಅರ್ಧದಲ್ಲಿ ಹುಳಿ, ಉಳಿದರ್ಧದಲ್ಲಿ ಪಲ್ಯ ಮಾಡಿದೆ. ಎರಡೂ ನೀರು ನೀರು, ಬಾಯಿಗೆ ನಾರು. ನನ್ನ ಕೈಗುಣವೋ, ಕಾಯಿಯದೋ? (ಎಡಿಸನ್, ನ್ಯೂಜೆರ್ಸಿ)

ಕಾಯಿಯದೇ. ನಿಮ್ಮ ಕೈಯನ್ನು ಬೈದುಕೊಳ್ಳಬೇಡಿ. ಈ ದೇಶಕ್ಕೆ ಬಂದ ಮೊದಲ ವರ್ಷ ನಾನೂ ಇದನ್ನೇ ಮಾಡಿದವಳು. ನಮ್ಮ ಯಜಮಾನರು ಹುಳಿಯೊಳಗಿಂದ ಒಂದು ಎಳೆ ನಾರು ಎತ್ತಿ ಹಿಡಿದು, “ಇದರಾಗ ಶಾವಿಗಿ ಯಾಕ ಹಾಕೀದಿ?” ಅಂತ ಕೇಳಿದ್ದರು. ತಮಾಷೆಗಲ್ಲ, ನಿಜವಾಗಿಯೂ ಶಾವಿಗೆ ಎಂದೇ ತಿಳಿದಿದ್ದರು.

ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬಕ್ಕೆ ಮಾರುವ ದುಂಡನೆಯ ಕಾಯಿಯನ್ನು ಬೆಳೆಸಿರುವುದು ಕಣ್ಣು-ಮೂಗು ಕೊರೆಯಲಿಕ್ಕೆ. ಗೋಡೆ ಗಟ್ಟಿ, ತೊಟ್ಟು ಎತ್ತಿ ಹಿಡಿಯಲು ದಪ್ಪ, ಒಳಗೆ ಟೊಳ್ಳು. ಸಿಹಿ ಬೇಕು ಎಂದು ಅದನ್ನು ಯಾರೂ ಕೇಳಿಲ್ಲ. ಸಸ್ಯಶಾಸ್ತ್ರದಲ್ಲಿ ಅದು ಕುಕುರ್ಬಿಟಾ ಪೆಪೊ. ನಮ್ಮ ಊರಿನ ಸಂತೆಯಲ್ಲಿ ಹೋಳು ಮಾಡಿ ಮಾರುವ ಸಿಹಿಕುಂಬಳ, ಅಂದರೆ ಮಲೆನಾಡಿನವರ ಚೀನಿಕಾಯಿ, ಹೆಚ್ಚಾಗಿ ಕುಕುರ್ಬಿಟಾ ಮೊಸ್ಕಾಟಾ. ತಿರುಳು ಒತ್ತು, ನಾರು ಕಡಿಮೆ, ಬೆಂದರೆ ಬೆಣ್ಣೆ. ಇಬ್ಬರೂ ಕುಂಬಳವೇ, ಆದರೆ ದೂರದ ದಾಯಾದಿಗಳು.

ಇಲ್ಲಿ ಮೊಸ್ಕಾಟಾ ಬೇಕಿದ್ದರೆ ಬಟರ್‌ನಟ್ ಸ್ಕ್ವಾಷ್ ತನ್ನಿ. ಒಂದು ತುದಿ ಸೋರೆಬುರುಡೆಯ ಹಾಗೆ ಉಬ್ಬಿರುತ್ತದೆ, ಸಿಪ್ಪೆ ತಿಳಿ ಕಂದು. ಹುಳಿಗೆ, ಪಲ್ಯಕ್ಕೆ, ಸಾಸಿವೆಗೆ ಕಣ್ಣು ಮುಚ್ಚಿ ಹಾಕಬಹುದು. ಏಷ್ಯನ್ ಅಂಗಡಿಯ ಹಸಿರು ಸಿಪ್ಪೆಯ ಕಬೋಚಾ ಇನ್ನೂ ಸಿಹಿ, ಆದರೆ ಗೆಣಸಿನ ಹಾಗೆ ಹಿಟ್ಟು ಹಿಟ್ಟು. ಹುಳಿಯಲ್ಲಿ ಬೇಗ ಕರಗುತ್ತದೆ, ಕೊನೆಗೆ ಹಾಕಿ.

ಮೋಜಿನ ಸಂಗತಿ ಒಂದಿದೆ. ಮಾರ್ಟನ್ ಸುತ್ತಲಿನ ಹೊಲಗಳಲ್ಲಿ ಡಬ್ಬಿಗೆಂದು ಬೆಳೆಯುವ ಡಿಕಿನ್‌ಸನ್ ತಳಿಯೂ ಮೊಸ್ಕಾಟಾವೇ. ಉದ್ದುದ್ದ, ಬಣ್ಣ ಮಾಸಲು, ಮಡಕೆಯ ಹಾಗಿರುತ್ತದೆ. ಡಬ್ಬಿಯ ಮೇಲೆ ಕೇಸರಿ ಕಾಯಿಯ ಚಿತ್ರ, ಒಳಗೆ ನಮ್ಮ ಚೀನಿಕಾಯಿಯ ಅಕ್ಕ.

ಪ್ರಶ್ನೆ: ಮೊಟ್ಟೆ ಹಾಕದೆ ಕುಂಬಳದ ಬ್ರೆಡ್ ಮಾಡಿದೆ. ಓವನ್‌ನಲ್ಲಿ ಉಬ್ಬಿತ್ತು, ಹೊರಗೆ ತೆಗೆದ ಮೇಲೆ ನಡು ಕುಸಿಯಿತು. ಕೊಯ್ದರೆ ಒಳಗೆ ಹಲ್ವಾ. ಕುಂಬಳವನ್ನು ಕುಕ್ಕರಿನಲ್ಲಿ ಬೇಯಿಸಿ ಮಿಕ್ಸಿಗೆ ಹಾಕಿದ್ದೆ. (ಜಯನಗರ, ಬೆಂಗಳೂರು)

ಉತ್ತರ ನಿಮ್ಮ ಕೊನೆಯ ವಾಕ್ಯದಲ್ಲೇ ಇದೆ. ಕುಂಬಳದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ಅದನ್ನು ಮತ್ತೆ ನೀರಿನಲ್ಲಿ ಮುಳುಗಿಸಿ ಸೀಟಿ ಕೂಗಿಸಿದರೆ ಸ್ಪಂಜಿನ ಹಾಗೆ ಇನ್ನಷ್ಟು ಹೀರುತ್ತದೆ. ಅಳತೆಗೆ ಒಂದು ಕಪ್ ಹಾಕಿದೆ ಅಂತ ನೀವು ಅಂದುಕೊಂಡಿರಿ, ಹಿಟ್ಟಿಗೆ ಬಿದ್ದದ್ದು ಮುಕ್ಕಾಲು ಕಪ್ ಕುಂಬಳ, ಕಾಲು ಕಪ್ ನೀರು.

ಮುಂದಿನ ಸಲ ಕಾಯಿಯನ್ನು ಎರಡು ಹೋಳು ಮಾಡಿ, ಬೀಜ ತೆಗೆದು, ಕೊಯ್ದ ಮೈ ಕೆಳಗೆ ಮಾಡಿ ತಟ್ಟೆಯಲ್ಲಿ ಬೋರಲು ಹಾಕಿ. 200 ಡಿಗ್ರಿ ಸೆಲ್ಸಿಯಸ್, ನಲವತ್ತರಿಂದ ಅರವತ್ತು ನಿಮಿಷ. ಸಿಪ್ಪೆಗೆ ಚಾಕು ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು. ತಿರುಳನ್ನು ಚಮಚದಿಂದ ಕೆರೆದು ರುಬ್ಬಿ, ಶ್ರೀಖಂಡಕ್ಕೆ ಮೊಸರು ಕಟ್ಟುತ್ತೇವಲ್ಲ, ಹಾಗೆ ತೆಳು ಬಟ್ಟೆಯಲ್ಲಿ ಕಟ್ಟಿ ಒಂದು ತಾಸು ತೂಗುಹಾಕಿ. ನಿಮ್ಮ ಬೆಂಗಳೂರಿನ ಕಾಯಿಯಿಂದಲೂ ಅರ್ಧ ಲೋಟ ನೀರು ಇಳಿದರೆ ಆಶ್ಚರ್ಯಪಡಬೇಡಿ. ಅದನ್ನು ಚೆಲ್ಲಬೇಡಿ, ಸಾರಿಗೆ ಹಾಕಿ. ಚಮಚದಲ್ಲಿ ತಿರುಳು ತೆಗೆದು ಬಗ್ಗಿಸಿದರೆ ಜಾರದೆ ಗುಡ್ಡೆಯಾಗಿ ನಿಲ್ಲಬೇಕು, ಅದೇ ಹದ.

ನಾನು ಹಾಕುವ ಅಳತೆ: ಹೀಗೆ ಗಟ್ಟಿಯಾದ ತಿರುಳು ಒಂದು ಕಪ್, ಮೈದಾ ಒಂದೂಮುಕ್ಕಾಲು ಕಪ್ (ಅರ್ಧಕ್ಕರ್ಧ ಗೋಧಿಹಿಟ್ಟಾದರೂ ಆದೀತು), ಪುಡಿಬೆಲ್ಲ ಮುಕ್ಕಾಲು ಕಪ್, ಎಣ್ಣೆ ಅರ್ಧ ಕಪ್, ಗಟ್ಟಿ ಮೊಸರು ಕಾಲು ಕಪ್, ಅಡುಗೆ ಸೋಡಾ ಒಂದು ಟೀ ಚಮಚ, ಬೇಕಿಂಗ್ ಪೌಡರ್ ಅರ್ಧ ಚಮಚ, ಉಪ್ಪು ಅರ್ಧ ಚಮಚ, ದಾಲ್ಚಿನ್ನಿ ಪುಡಿ ಒಂದು ಚಮಚ. ಹಸಿಯದು ಬೇರೆ, ಒಣದು ಬೇರೆ ಕಲಸಿ, ಆಮೇಲೆ ಕೂಡಿಸಿ. ಹಿಟ್ಟಿನ ಬಿಳಿ ಮಾಯವಾದ ಕೂಡಲೇ ಕೈ ನಿಲ್ಲಿಸಿ. ಸೋಡಾ ಮೊಸರನ್ನು ಕಂಡ ಕ್ಷಣದಿಂದಲೇ ಕೆಲಸ ಶುರುಮಾಡುತ್ತದೆ, ಆದ್ದರಿಂದ ಓವನ್ ಮೊದಲೇ 175 ಡಿಗ್ರಿಗೆ ಕಾದಿರಲಿ. ಐವತ್ತು ನಿಮಿಷ ಬಾಗಿಲು ತೆಗೆಯಬೇಡಿ. ನಂತರ ಕಡ್ಡಿ ಚುಚ್ಚಿ ನೋಡಿ.

ಪ್ರಶ್ನೆ: ಮಗಳು ಫೋನಿನಲ್ಲಿ ದಿನಾ ‘ಪಂಪ್ಕಿನ್ ಸ್ಪೈಸ್’ ಕಾಫಿ ಅನ್ನುತ್ತಾಳೆ. ಕಾಫಿಗೆ ಕುಂಬಳಕಾಯಿ ಹಾಕುತ್ತಾರೆಯೇ? (ದಾವಣಗೆರೆ)

ಮಸಾಲೆಯಲ್ಲಿ ಕುಂಬಳದ ಚೂರೂ ಇಲ್ಲ, ಗಾಬರಿ ಬೇಡ. ಕುಂಬಳದ ಹೂರಣ ತುಂಬಿ ಓವನ್‌ನಲ್ಲಿ ಬೇಯಿಸುವ ‘ಪೈ’ ಎಂಬ ಸಿಹಿತಿಂಡಿಗೆ ಹಾಕುವ ಮಸಾಲೆ ಅಂತ ಅದಕ್ಕೆ ಆ ಹೆಸರು. ಮೆಕಾರ್ಮಿಕ್ ಕಂಪನಿ 1934ರಲ್ಲೇ ಬೆರೆಸಿ ಡಬ್ಬಿಯಲ್ಲಿ ಮಾರಲು ಶುರುಮಾಡಿತು. ಸ್ಟಾರ್‌ಬಕ್ಸ್ ಅದನ್ನು ಕಾಫಿಗೆ ಹಾಕಿದ್ದು 2003ರಲ್ಲಿ. ನಾಲ್ಕು ಪಾಲು ದಾಲ್ಚಿನ್ನಿ, ಎರಡು ಪಾಲು ಒಣಶುಂಠಿ, ಒಂದು ಪಾಲು ಜಾಯಿಕಾಯಿ, ಅರ್ಧ ಪಾಲು ಲವಂಗ, ಅರ್ಧ ಪಾಲು ಆಲ್‌ಸ್ಪೈಸ್. ಈ ಆಲ್‌ಸ್ಪೈಸ್ ಎನ್ನುವುದು ಎಲ್ಲ ಮಸಾಲೆಯ ಮಿಶ್ರಣವಲ್ಲ, ಮೆಣಸಿನಕಾಳಿನಂಥ ಒಂದೇ ಕಾಯಿ. ಸಿಗದಿದ್ದರೆ ಬಿಡಿ. ನಿಮ್ಮ ಮಸಾಲೆ ಡಬ್ಬಿಯಲ್ಲಿ ಉಳಿದೆಲ್ಲ ಇದ್ದೇ ಇವೆ. ಇಲ್ಲಿಯವರಿಗೆ ಆ ವಾಸನೆ ಬಂದರೆ ಹಬ್ಬ, ನನ್ನ ಮೂಗಿಗೆ ಇವತ್ತಿಗೂ ಪಲಾವ್.

ಪ್ರಶ್ನೆ: ಅತ್ತೆಯವರು ಬಂದಿದ್ದಾರೆ. ಇಪ್ಪತ್ತು ಕಿಲೋ ಕುಂಬಳ ಬೇಯಿಸಿ ರುಬ್ಬಿ, ಗಾಜಿನ ಬಾಟಲಿಗೆ ತುಂಬಿ, ಕುಕ್ಕರಿನಲ್ಲಿ ಕುದಿಸಿ ವರ್ಷವಿಡೀ ಇಡೋಣ ಅನ್ನುತ್ತಾರೆ. (ಮಿಸ್ಸಿಸಾಗಾ, ಕೆನಡಾ)

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ, ಬೇಡ ಅನ್ನಿ. ಮಾವಿನಕಾಯಿ ಉಪ್ಪಿನಕಾಯಿಗೆ ಹುಳಿಯ, ಉಪ್ಪಿನ ಕಾವಲಿದೆ. ಕುಂಬಳದಲ್ಲಿ ಹುಳಿಯೇ ಇಲ್ಲ. ರುಬ್ಬಿದ ತಿರುಳು ಎಷ್ಟು ಮಂದವೆಂದರೆ ಬಾಟಲಿಯ ನಡುವಿಗೆ ಬಿಸಿ ಸರಿಯಾಗಿ ಮುಟ್ಟುವುದಿಲ್ಲ. ಗಾಳಿಯಿಲ್ಲದ ಆ ಜಾಗದಲ್ಲಿ ಬಾಟುಲಿಸಂ ಎಂಬ ಜೀವಕ್ಕೇ ಕುತ್ತಾಗುವ ಕಾಯಿಲೆ ತರುವ ಬ್ಯಾಕ್ಟೀರಿಯಾ ಬದುಕುತ್ತದೆ. ವಾಸನೆಯಲ್ಲೂ ರುಚಿಯಲ್ಲೂ ಗೊತ್ತಾಗದೇ ಹೋಗಬಹುದು. ಅಮೆರಿಕದ ಕೃಷಿ ಇಲಾಖೆಯೇ ರುಬ್ಬಿದ ಕುಂಬಳವನ್ನು ಮನೆಯಲ್ಲಿ ಬಾಟಲಿಗೆ ತುಂಬಬೇಡಿ ಎನ್ನುತ್ತದೆ. ಒಂದೊಂದು ಕಪ್ ಅಳೆದು ಚೀಲಕ್ಕೆ ಹಾಕಿ, ರೊಟ್ಟಿಯಷ್ಟು ಚಪ್ಪಟೆ ಮಾಡಿ ಫ್ರೀಜರಿಗೆ ಸೇರಿಸಿ. ಬೇಕಾದಾಗ ಒಂದು ರೊಟ್ಟಿ ತೆಗೆದರಾಯಿತು.

ಪ್ರಶ್ನೆ: ಅಮ್ಮ ದಸರೆಗೆ ಮಾಡುತ್ತಿದ್ದ ಕುಂಬಳದ ಗಾರಿಗೆ ಡಬ್ಬಿ ಕುಂಬಳದಲ್ಲಿ ಆಗುತ್ತದೆಯೇ? (ಡಲ್ಲಾಸ್, ತವರು ಗದಗ)

ಈ ಒಂದು ಪ್ರಶ್ನೆಗಾಗಿಯೇ ನಾನು ಈ ಅಂಕಣ ಬರೆಯುತ್ತೇನೆ ಅನ್ನಿಸಿತು.

ಆಗುತ್ತದೆ. ಆದರೆ ಡಬ್ಬಿ ಕೊಳ್ಳುವಾಗ ಹೆಸರು ಓದಿ. ಪದಾರ್ಥಗಳ ಸಾಲಿನಲ್ಲಿ ಕುಂಬಳ ಒಂದೇ ಇರಬೇಕು. ಪಕ್ಕದಲ್ಲೇ ಅದೇ ಬಣ್ಣದ ‘ಪೈ ಮಿಕ್ಸ್’ ಇರುತ್ತದೆ, ಅದರಲ್ಲಿ ಸಕ್ಕರೆ, ಲವಂಗ ಎಲ್ಲ ಬೆರೆತಿರುತ್ತದೆ. ಒಮ್ಮೆ ಅವಸರದಲ್ಲಿ ಅದನ್ನೇ ತಂದು ಗಾರಿಗೆ ಮಾಡಿದೆ. ಮಕ್ಕಳು ಚಪ್ಪರಿಸಿ ತಿಂದರು, ನನಗೆ ಮಾತ್ರ ಯಾರದೋ ಮನೆಯ ತಿಂಡಿ ತಿಂದ ಹಾಗಾಯಿತು.

ಸಣ್ಣ ಡಬ್ಬಿಯಲ್ಲಿ 425 ಗ್ರಾಂ ಇರುತ್ತದೆ. ದಪ್ಪ ತಳದ ಪಾತ್ರೆಗೆ ಹಾಕಿ ಮೊದಲು ಬರಿದೇ ಹುರಿಯಿರಿ. ಅವ್ವ ಹೆರೆದ ಕುಂಬಳವನ್ನು ತುಪ್ಪದಲ್ಲಿ ಬಾಡಿಸುತ್ತಿದ್ದಳಲ್ಲ, ಅದರ ಬದಲಿಗೆ ಇದು. ಡಬ್ಬಿಯ ತಗಡು ವಾಸನೆ ಹೋಗಿ ಬೆಂದ ಗೆಣಸಿನ ವಾಸನೆ ಬರಲು ಎಂಟ್ಹತ್ತು ನಿಮಿಷ ಬೇಕು. ಆಮೇಲೆ ಒಂದು ಕಪ್ ಪುಡಿಬೆಲ್ಲ. ಬೆಲ್ಲ ಕರಗಿ ಮತ್ತೆ ನೀರಾಗುತ್ತದೆ, ಹೆದರಬೇಡಿ, ಸೌಟು ಎಳೆದರೆ ತಳ ಕಾಣುವವರೆಗೆ ಕೈಯಾಡಿಸಿ. ಏಲಕ್ಕಿ, ಚಿಟಿಕೆ ಉಪ್ಪು, ಎರಡು ಚಮಚ ಬಿಸಿ ಎಣ್ಣೆ. ಪೂರ್ತಿ ಆರಿದ ಮೇಲೆ ಅದಕ್ಕೆ ಹಿಡಿಸುವಷ್ಟು ಗೋಧಿಹಿಟ್ಟು, ಜೊತೆಗೆ ಎರಡು ಚಮಚ ಸಣ್ಣ ರವೆ. ನನಗೆ ಸುಮಾರು ಎರಡೂವರೆ ಕಪ್ ಹಿಟ್ಟು ಹಿಡಿಯುತ್ತದೆ, ನಿಮಗೆ ಹೆಚ್ಚುಕಮ್ಮಿ ಆದೀತು. ನೀರು ಒಂದು ಹನಿಯೂ ಬೇಡ. ಪೂರಿ ಹಿಟ್ಟಿಗಿಂತ ಗಟ್ಟಿ ಇರಲಿ. ಅರ್ಧ ತಾಸು ಬಿಟ್ಟರೆ ಬೆಲ್ಲ ತಾನೇ ಸಡಿಲಿಸುತ್ತದೆ.

ಎಣ್ಣೆ ಸವರಿದ ಹಾಳೆಯ ಮೇಲೆ ತಟ್ಟಿ, ಮೇಲೆ ಗಸಗಸೆ ಒತ್ತಿ, ಹದ ಉರಿಯಲ್ಲಿ ಕರಿಯಿರಿ. ಉರಿ ಜೋರಾದರೆ ಬೆಲ್ಲ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಮೊದಲ ಗಾರಿಗೆ ಎಣ್ಣೆಗೆ ಬಿಟ್ಟಾಗ ತಳಕ್ಕೆ ಹೋಗಿ, ಒಂದು ಉಸಿರು ತಡೆದು, ನಿಧಾನ ಮೇಲೆ ಬರಬೇಕು. ಕರಿದ ದಿನಕ್ಕಿಂತ ಮರುದಿನ ರುಚಿ. ತಣ್ಣಗಿನ ಗಾರಿಗೆಗೆ ತುಪ್ಪ ಸವರಿಕೊಂಡು ತಿನ್ನುವುದನ್ನು ನಿಮಗೆ ಹೇಳಿಕೊಡಬೇಕಿಲ್ಲ.

ಪ್ರಶ್ನೆ: ಪೈ ಪ್ರತಿಸಲ ನಡುವೆ ಬಿರುಕು ಬಿಡುತ್ತದೆ. (ಮ್ಯಾಡಿಸನ್, ವಿಸ್ಕಾನ್ಸಿನ್)

ಹೆಚ್ಚು ಬೇಯಿಸುತ್ತೀರಿ. ಮೊಟ್ಟೆ ಹಾಕಿದ ಪೈ ಅಂದರೆ ಗಿಣ್ಣಿನ ಹಾಗೆ ಹೆಪ್ಪುಗಟ್ಟುವ ವಸ್ತು. ಅಂಚು ಗಟ್ಟಿಯಾಗಿ, ನಡುವೆ ಅಂಗೈಯಗಲ ಇನ್ನೂ ತುಳುಕುತ್ತಿರುವಾಗಲೇ ತೆಗೆಯಿರಿ. ಉಳಿದ ಬಿಸಿಗೆ ತಾನೇ ಕೂರುತ್ತದೆ. ಬಿರುಕು ಬಿಟ್ಟರೆ ಕ್ರೀಮ್ ಹಚ್ಚಿ ಮುಚ್ಚಿ, ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಯಾರೂ ಕೆದಕುವುದಿಲ್ಲ.

ಪ್ರಶ್ನೆ: ಹೆಣ್ಣುಮಕ್ಕಳು ಇಡೀ ಕುಂಬಳ ಒಡೆಯಬಾರದು, ಮೊದಲ ಪೆಟ್ಟು ಗಂಡಸರೇ ಹಾಕಬೇಕು ಅಂತ ಅಮ್ಮನ ಕಟ್ಟಪ್ಪಣೆ. ನಾನು ಇಲ್ಲಿ ಒಬ್ಬಳೇ ಇರುವ ವಿದ್ಯಾರ್ಥಿನಿ. ಏನು ಮಾಡಲಿ? (ಸಿಯಾಟಲ್, ತವರು ಮೈಸೂರು)

ನಮ್ಮಲ್ಲೂ ಇದೇ ಇತ್ತು. ಅವ್ವ ಎದುರುಮನೆಯ ಹುಡುಗನನ್ನು ಕರೆದು ಒಂದು ಗೀರು ಹಾಕಿಸಿ, ಆಮೇಲೆ ಈಳಿಗೆ ಮುಂದೆ ತಾನೇ ಕೂತು ಇಡೀ ಕಾಯಿ ಹೆಚ್ಚುತ್ತಿದ್ದಳು. ಆ ಹುಡುಗನಿಗೆ ಆಗ ಏಳು ವರ್ಷ! ನಾನಂತೂ ಇಷ್ಟು ವರ್ಷ ನಾನೇ ಒಡೆದಿದ್ದೇನೆ, ಮನೆಯಲ್ಲಿ ಎಲ್ಲರೂ ಕ್ಷೇಮ. ಅಮ್ಮನಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ.

ನನಗೆ ಭಯ ಚಾಕುವಿನದು. ಕಾಯಿ ಉರುಳದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಸಿ. ನಾಲ್ಕು ಕಡೆ ಆಳವಾಗಿ ಚುಚ್ಚಿ ಮೈಕ್ರೋವೇವ್‌ನಲ್ಲಿ ಮೂರು ನಿಮಿಷ ಇಟ್ಟರೆ ಸಿಪ್ಪೆ ಮೆತ್ತಗಾಗುತ್ತದೆ. ಚುಚ್ಚದೆ ಇಟ್ಟರೆ ಸಿಡಿದೀತು. ಇಲ್ಲವೇ ದಪ್ಪ ಚೀಲದೊಳಗೆ ಕಟ್ಟಿ ಸಿಮೆಂಟ್ ನೆಲಕ್ಕೆ ಒಂದು ಸಲ ಬಿಡಿ. ಹೀಗೆ ಮಾಡಿದರೆ ಒಡೆದದ್ದು ನೀವಲ್ಲ, ನೆಲ.

ಪ್ರಶ್ನೆ: ಹ್ಯಾಲೋವೀನ್ ಮುಗಿದ ಮೇಲೆ ಬಾಗಿಲ ಮುಂದಿನ ಕುಂಬಳ ಅಡುಗೆಗೆ ಬಂದೀತೇ? (ಷಾರ್ಲೆಟ್, ನಾರ್ತ್ ಕರೊಲಿನಾ)

ಕೊರೆದದ್ದು ಬೇಡವೇ ಬೇಡ, ಒಳಗೆ ಆಗಲೇ ಬೂಸ್ಟು ಕೂತಿರುತ್ತದೆ. ಕೊರೆಯದೆ ಇಟ್ಟದ್ದು ಗಟ್ಟಿಯಾಗಿ, ಬಣ್ಣ ಬಳಿಯದೆ ಇದ್ದರೆ ಸೂಪಿಗೆ ಆದೀತು, ಎಡಿಸನ್ನಿನವರ ಅನುಭವ ನೆನಪಿಟ್ಟುಕೊಳ್ಳಿ. ಜೊತೆಗೆ ಅಲಂಕಾರಕ್ಕೆ ಇಡುವ ಗಂಟುಗಂಟಿನ ಪುಟ್ಟ ಬುರುಡೆಗಳನ್ನು ಅಡುಗೆಗೆ ತರಬೇಡಿ, ಅವುಗಳಲ್ಲಿ ಕಹಿ ಇರುತ್ತದೆ. ಸೌತೆಕಾಯಿಗೆ ಮಾಡುವ ಹಾಗೆ ಯಾವ ಕುಂಬಳವನ್ನಾದರೂ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಅನ್ನಿಸಿದರೆ ಉಗುಳಿ, ಇಡೀ ಕಾಯಿ ಎಸೆಯಿರಿ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ, ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರಬೇಕಾದೀತು.

ನಮ್ಮ ಮನೆಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ನವೆಂಬರ್ ಮೂರನೆಯ ತಾರೀಕಿನೊಳಗೆ ಅಳಿಲುಗಳು ಬಂದು, ಮಗ ಕೊರೆದ ಕಣ್ಣಿನೊಳಗಿಂದಲೇ ತಲೆ ತೂರಿಸಿ, ಬೀಜ ಖಾಲಿ ಮಾಡಿರುತ್ತವೆ.